ನೆಂಟರ ಮಡಕೆ

ನವೆಂಬರ್ ೧೮, ಸೋಮವಾರ

ಗೊಬ್ಬರದ ಅಂಗಡಿಯವರು ಮಗನಿಗೆ ಕೊಟ್ಟ ಡೈರಿ ವರ್ಷವಿಡೀ ಅಟ್ಟದ ಮೇಲೆ ಧೂಳು ತಿಂದು ಬಿದ್ದಿತ್ತು. ಇವತ್ತು ಇಳಿಸಿದೆ. ಬೆಳಿಗ್ಗೆ ಮಲ್ಲೇಶ ಕೈ ಮುಗಿದು, "ಅವ್ವ, ಬಾಯಿಗೆ ಬಂದಿದ್ದನ್ನೆಲ್ಲ ಅವಳ ಮುಂದೆ ಆಡ್ಬೇಡ ಕಣವ್ವ. ಈ ಮನೇಲಿ ನಾನೂ ಬಾಳ್ಬೇಕು" ಎಂದ. ಆಗಲಿ, ಸೊಸೆಯ ಮುಂದೆ ಆಡುವುದಿಲ್ಲ. ಇಲ್ಲಿ ಆಡುತ್ತೇನೆ. ಕಾಗದ ಮೂಗು ಸುರಿಸಿಕೊಂಡು ಅಳುವುದಿಲ್ಲ. ನಾಲ್ಕನೇ ಕ್ಲಾಸಿನ ಅಕ್ಷರ ಇನ್ನೂ ಕೈಯಲ್ಲಿದೆ. ಒತ್ತಕ್ಷರ ಮಾತ್ರ ನನ್ನ ಹಲ್ಲಿನ ಹಾಗೆ, ಇದ್ದಲ್ಲಿ ಇವೆ, ಇಲ್ಲದಲ್ಲಿ ಇಲ್ಲ.

ಮೊಮ್ಮಗಳು ಚೈತ್ರಳನ್ನು ಅಂಗನವಾಡಿಯಲ್ಲಿ ತೂಗಿದರು. ಕೂಸಿಗೆ ವರ್ಷ ತುಂಬಿದೆ, ತೂಕ ಹೋದ ತಿಂಗಳಿನಷ್ಟೇ. ಟೀಚರು ಕಾರ್ಡಿನಲ್ಲಿ ಇಟ್ಟ ಚುಕ್ಕಿ ಹಸಿರು ಪಟ್ಟೆಯಿಂದ ಜಾರಿ ಹಳದಿಗೆ ಬಿತ್ತು. ಸೊಸೆ ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದಳು.

ಅವಳು ಪಾವಗಡದ ಕಡೆಯವಳು. ಆ ಕಡೆ ನೀರೇ ಸರಿಯಿಲ್ಲ, ಹಾಲು ಎಲ್ಲಿಂದ ಸರಿಯಿರಬೇಕು? ನಾನು ಮಾಡುವ ಸರಿ ಹಿಟ್ಟು ಇಲ್ಲದಿದ್ದರೆ ಕೂಸು ಇಷ್ಟೂ ಇರುತ್ತಿರಲಿಲ್ಲ. ಮೊಳಕೆ ಕಟ್ಟಿದ ರಾಗಿ, ಹೆಸರುಕಾಳು, ಹುರಿದ ಕಡಲೆಬೀಜ. ಈ ಹಿಟ್ಟು ತಿಂದೇ ಮಲ್ಲೇಶ ಗೂಳಿಯಂತೆ ಬೆಳೆದದ್ದು.

ನವೆಂಬರ್ ೨೧, ಗುರುವಾರ

ಒಂದು ಹುಡುಗಿ ಬಂದಿದ್ದಳು. ಹೆಸರು ತರನ್ನುಮ್, ಶಿರಾದವಳು, ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಾಳಂತೆ. ಅಂಗನವಾಡಿ ಟೀಚರೇ ಕರೆತಂದರು. ನಾನು ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದೆ.

"ಏನಮ್ಮ, ರೇಟು ಕೇಳೋಕೆ ಬಂದ್ಯಾ? ಮಂಡಿಯೋರ ಮನೇಳಾ?"

"ಅಲ್ಲಜ್ಜಿ, ಬೂಷ್ಟು ನೋಡೋಕೆ ಬಂದೆ."

"ಬೂಷ್ಟು ನೋಡೋಕೆ ಶಿರಾದಿಂದ ಬಂದ್ಯಾ? ನಿಮ್ಮೂರಲ್ಲಿ ಮಳೇನೇ ಹುಯ್ಯಲ್ವಾ?"

"ಬಸ್ಸು ಫ್ರೀ ಅಲ್ವಾ ಅಜ್ಜಿ, ಬಂದ್ಬುಟ್ಟೆ" ಎಂದು ಚಪ್ಪಲಿ ಬಿಟ್ಟು ನನ್ನ ಪಕ್ಕದಲ್ಲೇ ಕೂತು, ಕೇಳದೆಯೇ ಸುಲಿಯತೊಡಗಿದಳು. ಕೈ ಚುರುಕಿಲ್ಲ, ಆದರೆ ನಾಚಿಕೆಯೂ ಇಲ್ಲ.

ಅವಳು ಹೇಳಿದ್ದು ಇಷ್ಟು. ಕಡಲೆಬೀಜಕ್ಕೆ ಹಿಡಿಯುವ ಒಂದು ಜಾತಿಯ ಹಸಿರುಹಳದಿ ಬೂಷ್ಟು ವಿಷ ಬಿಡುತ್ತದೆ. ಬೂಷ್ಟನ್ನು ಒರೆಸಿದರೂ ವಿಷ ಬೀಜದೊಳಗೇ ಉಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋದರೆ ದೊಡ್ಡವರ ಈಲಿ ಕೆಡುತ್ತದೆ, ಮಕ್ಕಳ ಬೆಳವಣಿಗೆಗೂ ಅಡ್ಡಿಯಾಗಬಹುದು.

"ಆಗ್ಬೋದು ಅಂದ್ರೆ? ಆಗುತ್ತೋ ಇಲ್ವೋ?"

"ಇನ್ನೂ ಸರಿಯಾಗಿ ಗೊತ್ತಿಲ್ಲ ಅಜ್ಜಿ. ಅದನ್ನೇ ನೋಡ್ತಿರೋದು."

"ಗೊತ್ತಿಲ್ಲ ಅನ್ನೋಕೆ ಇಷ್ಟು ವರ್ಷ ಓದ್ಬೇಕಾ? ನಾನು ನಾಲ್ಕನೇ ಕ್ಲಾಸಿಗೇ ಹೇಳ್ತಿದ್ದೆ."

ಹುಡುಗಿ ಬಿದ್ದು ಬಿದ್ದು ನಕ್ಕಳು. ಸೊಸೆಯೂ ಬಾಗಿಲ ಹಿಂದೆ ನಕ್ಕಿದ್ದು ಕೇಳಿಸಿತು.

ಕೂಸಿನ ಉಚ್ಚೆ ಹಿಡಿದುಕೊಳ್ಳಲು ಒಂದು ಪುಟ್ಟ ಪ್ಲಾಸ್ಟಿಕ್ ಚೀಲ ಅಂಟಿಸಿದಳು. ಸೊಸೆಯ ಎದೆಹಾಲನ್ನು ಸೀಸೆಗೆ ಹಾಕಿಕೊಂಡಳು. ಆಮೇಲೆ ಒಂದು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, "ನೀವು ಮನೇಲಿ ತಿನ್ನೋ ಬೀಜಾನೇ ಒಂದು ಪಾವು ಹಾಕಿ ಅಜ್ಜಿ" ಎಂದಳು. ಮದುವೆಯಾಗದ ಹುಡುಗಿ, ಮೊದಲ ಸಲ ಹೊಸಿಲು ತುಳಿದು ಮಡಿಲೊಡ್ಡಿದಂತೆ ನಿಂತಿದ್ದಾಳೆ. ದೇವರ ಮೂಲೆಯ ಮಡಕೆಯಿಂದ ಹಾಕಿದೆ. ಒಂದು ಪಾವಿನ ಮೇಲೆ ಒಂದು ಬೊಗಸೆ, ಅದರ ಮೇಲೊಂದು ಅಚ್ಚು ಬೆಲ್ಲ, ಎಲೆ ಅಡಿಕೆ.

ನವೆಂಬರ್ ೨೨

ಪಕ್ಕದ ಮನೆಯ ಚಿಕ್ಕಹನುಮಕ್ಕ ಬಟ್ಟಲು ಹಿಡಿದು ಬಂದಳು. "ಆ ಶಿರಾದ ಹುಡ್ಗಿ ನಮ್ಮನೇಗೂ ಬತ್ತಾವ್ಳೆ ಕಣಕ್ಕ, ನಮ್ಮ ಬೀಜ ಮುಖ ತೋರಿಸೋ ಹಂಗಿಲ್ಲ" ಎಂದಳು. ಮಡಕೆಯಿಂದ ಒಂದು ಪಾವು ಕೊಟ್ಟೆ. ಹೊತ್ತು ಏರುವುದರೊಳಗೆ ಬೀದಿಯಲ್ಲಿ ಕೂಸಿರುವ ಇನ್ನೂ ಮೂರ್ನಾಲ್ಕು ಮನೆಯವರು ಬಂದರು. ಕೊಡದೆ ಇರಲು ಆಗುತ್ತದೆಯೇ? ಊರಿನ ಮರ್ಯಾದೆ.

ಡಿಸೆಂಬರ್ ೧, ಭಾನುವಾರ

ಸೊಸೆ ಬಂದು ಪಕ್ಕದಲ್ಲಿ ಕೂತು ಕೇಳಿದಳು, "ಅತ್ತಮ್ಮ, ಕಾಯಿಗೆ ನೀರ್ ಯಾಕೆ ಹಾಕ್ತೀರಾ? ನಮ್ಮ ಕಡೆ ಹಾಕಲ್ಲ."

ಪಾವಗಡದವರಿಂದ ಕಡಲೆಕಾಯಿಯ ಪಾಠ! ಆದರೂ ಹೇಳಿದೆ. ದಪ್ಪ ಕಾಯಿ ಮಂಡಿಗೆ ಕಾಯಾಗಿಯೇ ಹೋಗುತ್ತದೆ. ಮನೆಗೆ ಉಳಿಯುವುದು ಸಣ್ಣದು, ಸೊಟ್ಟದು, ಸಿಪ್ಪೆ ಗಟ್ಟಿಯಿರುವುದು. ಸಂಜೆ ಅದರ ಮೇಲೆ ನೀರು ಚಿಮುಕಿಸಿ ಒದ್ದೆ ಗೋಣಿ ಹೊದಿಸಿದರೆ ಬೆಳಿಗ್ಗೆ ಸಿಪ್ಪೆ ಮೆತ್ತಗಾಗಿರುತ್ತದೆ. ಬೆರಳು ಒಡೆಯುವುದಿಲ್ಲ. ನಮ್ಮತ್ತೆ ಕಲಿಸಿದ್ದು. ಈ ಊರಿನಲ್ಲಿ ನನ್ನಷ್ಟು ಬೇಗ ಸುಲಿಯುವವರು ಯಾರೂ ಇಲ್ಲ.

"ಆ ಮಡಕೇದಕ್ಕೂ ಹಾಕ್ತೀರಾ?"

"ಅದಕ್ಕೆ ಹೆಂಗೆ ಹಾಕ್ತಾರೆ? ನೀರು ಕುಡಿದ ಬೀಜ ಮಂಕಾಯ್ತದೆ. ಅದು ಹಬ್ಬಕ್ಕೆ, ಮಠಕ್ಕೆ, ನೆಂಟರಿಗೆ. ಒಣಗಿದ್ದನ್ನೇ ಒಂದೊಂದಾಗಿ ಸುಲೀಬೇಕು."

"ನಮಗೆ?"

"ನಮಗೇನಾಗೈತೆ? ನಾವೇನು ನೆಂಟರಾ?"

ಅವಳು ಬಾಗಿಲ ಹಿಂದೆ ಮನೆಯ ಬೀಜ ಹಾಕಿಡುವ ತಗಡಿನ ಡಬ್ಬದ ಕಡೆ ನೋಡಿದಳು. ಹಾಗೆ ನೋಡಿದರೆ ಅವಳು ಯೋಚನೆ ಮಾಡುತ್ತಿದ್ದಾಳೆ ಎಂದರ್ಥ. ನನಗೆ ಅದು ಹಿಡಿಸುವುದಿಲ್ಲ.

ಡಿಸೆಂಬರ್ ೯

ಸೊಸೆ ಮಧುಗಿರಿ ಮೆಡಿಕಲ್ ಸ್ಟೋರಿನಿಂದ ಒಂದು ಡಬ್ಬಿ ಪುಡಿ ತರಿಸಿದ್ದಾಳೆ. ಡಬ್ಬಿಯ ಮೇಲೆ ಬೆಣ್ಣೆಯಂಥ ಮಗುವಿನ ಚಿತ್ರ. ಆ ಮಗು ಅದೇ ಪುಡಿ ತಿಂದದ್ದೆಂದು ಯಾರು ಕಂಡವರು? ಅವಳು ಅದನ್ನು ಕಲಸಿದಳು, ಕೂಸು ಉಗಿಯಿತು. ನನ್ನ ಸರಿ ಕಲಸಿದೆ, ಎರಡು ಚಮಚ ತಿಂದು ಅದನ್ನೂ ಉಗಿಯಿತು. ಇಬ್ಬರೂ ಸೋತೆವು. ಮಲ್ಲೇಶ ಎರಡೂ ಬಟ್ಟಲು ನೋಡಿ ಹೊಲಕ್ಕೆ ಹೋದ. ಬುದ್ಧಿವಂತ.

ಡಿಸೆಂಬರ್ ೨೭, ಶುಕ್ರವಾರ

ತರನ್ನುಮ್ ಬಂದಳು. ಮುಖ ಸಣ್ಣದಾಗಿತ್ತು. ಜಗಲಿಯಲ್ಲಿ ಕೂತು ನೀರು ಕುಡಿದಳು, ಸುಲಿಯಲು ಕೈ ಹಾಕಲಿಲ್ಲ.

"ಅಜ್ಜಿ, ಎಲೆ ಅಡಿಕೆ ನೋಡಿ ನಮ್ಮ ಪ್ರೊಫೆಸರು, ಇದನ್ನೂ ಟೆಸ್ಟ್ ಮಾಡ್ಬೇಕಾ ಅಂತ ಕೇಳಿದ್ರು."

"ಮಾಡ್ಬೇಕಾಗಿತ್ತು. ದೊಡ್ಡೇರಿ ಸಂತೇದು, ಎಲೆ ಎಳೇದು. ಬೀಜ ಏನಾಯ್ತು?"

"ಅಪರಂಜಿ. ನಿಮ್ಮ ಮನೇದೊಂದೇ ಅಲ್ಲ, ಈ ಬೀದೀಲಿ ಯಾರ ಬೀಜದಲ್ಲೂ ವಿಷ ಇಲ್ಲ."

ಹೆಮ್ಮೆಯಾಯಿತು. ಸೊಸೆಯ ಕಡೆ ನೋಡಿದೆ. ಆಗ ಹುಡುಗಿ ದನಿ ತಗ್ಗಿಸಿದಳು. ಬೀಜದಲ್ಲಿಲ್ಲದ ವಿಷದ ಗುರುತು ಮಕ್ಕಳ ಉಚ್ಚೆಯಲ್ಲಿದೆ. ಚೈತ್ರಳದ್ದರಲ್ಲಿ ಎಲ್ಲರಿಗಿಂತ ಜಾಸ್ತಿ. ತಾಯಂದಿರ ಹಾಲಿನಲ್ಲೂ ಸ್ವಲ್ಪ ಇದೆ. ಹಾಗಾದರೆ ಎಲ್ಲಿಂದ ಬರುತ್ತಿದೆ? ಜೋಳವೋ, ಹಸುವಿನ ಹಿಂಡಿಯೋ, ಇನ್ನೇನೋ. ತಿಳಿಯುತ್ತಿಲ್ಲ. ಇಲ್ಲಿ ಕಡಲೆಬೀಜದ ಕೆಲಸ ಮುಗಿಸಿ ಬೇರೆ ತಾಲ್ಲೂಕಿಗೆ ಹೋಗು ಎಂದಿದ್ದಾರಂತೆ ಪ್ರೊಫೆಸರು.

ಸೊಸೆ ಕೇಳಿದಳು, "ನನ್ನ ಹಾಲಲ್ಲೂ ಇದೆಯಾ ಮೇಡಂ?"

"ಒಂಚೂರು. ಆದ್ರೆ ಹಾಲು ನಿಲ್ಲಿಸ್ಬೇಡಿ ಅಕ್ಕ. ಅದು ನೀವು ತಿನ್ನೋದ್ರಿಂದ ಬರೋದು. ಹಾಲು ಕೆಟ್ಟದ್ದಲ್ಲ."

ಮೊದಲನೇ ಮಾತನ್ನು ಅವಳು ಕೇಳಿಸಿಕೊಂಡಳು. ಉಳಿದದ್ದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಡಿಸೆಂಬರ್ ೨೮

ನಿನ್ನೆ ಮಧ್ಯಾಹ್ನದಿಂದ ಅವಳು ಕೂಸಿಗೆ ಎದೆ ಕೊಟ್ಟಿಲ್ಲ. ಕೂಸು ಸೆರಗು ಎಳೆದರೆ ಎದ್ದು ಹಿತ್ತಲಿಗೆ ಹೋಗುತ್ತಾಳೆ. ಎದೆ ಕಟ್ಟಿಕೊಂಡು ಜ್ವರ ಬಂದಂತಿದೆ. ಬಾವಿಕಟ್ಟೆಯ ಹಿಂದೆ ನಿಂತು ಹಾಲು ಹಿಂಡಿ ಚೆಲ್ಲುತ್ತಿದ್ದಳು. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ.

ಅವಳ ಹಾಲು ಸರಿಯಿಲ್ಲ ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೆ. ಹೇಳಿದ ಮಾತು ನಿಜವಾದರೆ ಹೊಟ್ಟೆ ತಣ್ಣಗಾಗಬೇಕು. ಮುದ್ದೆ ಮುರಿಯದೆ ತಟ್ಟೆ ಸರಿಸಿದೆ.

ಆ ಹುಡುಗಿ ಒಂದು ಮಾತು ಹೇಳಿದಳಲ್ಲ, 'ನೀವು ತಿನ್ನೋದ್ರಿಂದ ಬರೋದು' ಎಂದು. ಅವಳು ಈ ಮನೆಯಲ್ಲಿ ತಿನ್ನುವುದು ಏನು? ನಾನು ಅರೆದ ಚಟ್ನಿ. ನಾನು ಹಾಕಿದ ಹುಳಿ. ಎಲ್ಲದಕ್ಕೂ ಬೀಜ ಯಾವುದು? ಬಾಗಿಲ ಹಿಂದಿನ ತಗಡಿನ ಡಬ್ಬದ್ದು. ಕೂಸಿನ ಹಿಟ್ಟಿಗೆ? ಅದೇ ಡಬ್ಬದ್ದು. ಯೂನಿವರ್ಸಿಟಿಗೆ ಹೋದದ್ದು? ಮಡಕೆಯದು.

ಚಿಕ್ಕಹನುಮಕ್ಕನದೂ ಮಡಕೆಯದು. ಬೀದಿಯ ಎಲ್ಲರದೂ ನನ್ನ ಮಡಕೆಯದೇ. ಆ ಹುಡುಗಿ ನನ್ನ ಒಂದು ಮಡಕೆಯನ್ನೇ ಬೇರೆ ಬೇರೆ ಚೀಲದಲ್ಲಿ ಹೊತ್ತುಕೊಂಡು ಹೋಗಿ ಮತ್ತೆ ಮತ್ತೆ ಟೆಸ್ಟ್ ಮಾಡಿದ್ದಾಳೆ!

ಒಬ್ಬಳೇ ಕೂತು ನಕ್ಕೆ. ಆಮೇಲೆ ನಗು ನಿಂತುಹೋಯಿತು.

ಡಿಸೆಂಬರ್ ೨೯, ಭಾನುವಾರ

ಮಲ್ಲೇಶನ ಫೋನಿನಿಂದ ತರನ್ನುಮ್‌ಗೆ ಮಾಡಿಸಿದೆ. ಭಾನುವಾರವಾದರೂ ಬಂದಳು.

ಬಂದ ತಕ್ಷಣ ಬೈದೆ. "ನಿನಗೆ ಓದಿಸಿದೋರು ಯಾರಮ್ಮ? ಮನೆಗೆ ಬಂದು ಚೀಲ ಒಡ್ಡಿ, ನೀವು ತಿನ್ನೋದು ಕೊಡಿ ಅಂದ್ರೆ ಯಾರು ಕೊಡ್ತಾರೆ? ನಿಮ್ಮಮ್ಮ ನೆಂಟರು ಬಂದ್ರೆ ನೆನ್ನೆ ತಂಗಳು ಇಕ್ತಾಳಾ?"

"ಇಲ್ಲಜ್ಜಿ. ಬಿರಿಯಾನಿ ಮಾಡ್ತಾರೆ."

"ಹಂಗೇನೇ ನಾವು ನಿಂಗೆ ಬಿರಿಯಾನಿ ಕೊಟ್ಟಿರೋದು. ಬೀದಿಗೆ ಬೀದೀನೇ ನನ್ನ ಮಡಕೇಲಿ ಬಿರಿಯಾನಿ ತಗಂಡೋಗಿ ನಿಂಗೆ ಬಡಿಸ್ಬುಟ್ಟೈತೆ."

ಹುಡುಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎರಡೂ ಕೈಯಿಂದ ತಲೆ ಹಿಡಿದುಕೊಂಡು, "ಯಾ ಅಲ್ಲಾ" ಎಂದು ಕಂಬಕ್ಕೆ ಒರಗಿದಳು. ಅಳುತ್ತಾಳೇನೋ ಎಂದುಕೊಂಡೆ. ನಗುತ್ತಿದ್ದಳು. ಆಮೇಲೆ ನಗು ಬಿಟ್ಟು ಪ್ರಶ್ನೆ ಶುರುಮಾಡಿದಳು. ಯಾವ ಕಾಯಿ, ಎಷ್ಟು ನೀರು, ಎಷ್ಟು ಹೊತ್ತು ಗೋಣಿಯ ಕೆಳಗೆ, ಸುಲಿದ ಮೇಲೆ ಒಣಗಿಸುತ್ತೀರಾ? ಯಾರೂ ಈ ಕೆಲಸದ ಬಗ್ಗೆ ನನ್ನನ್ನು ಇಷ್ಟು ಕೇಳಿದವರಲ್ಲ. ತಗಡಿನ ಡಬ್ಬ ತಂದು ಅವಳ ಮುಂದೆ ಇಟ್ಟೆ. ಸುಕ್ಕು, ಒಡಕು, ಕಪ್ಪು. ಹಗಲು ಬೆಳಕಿನಲ್ಲಿ ನಾನು ಅದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಮಗೂಗೆ ಏನ್ ಕೊಡ್ತೀರಾ ಅಜ್ಜಿ?"

ಸೊಸೆ ಭವ್ಯ ಬಾಗಿಲಲ್ಲಿ ನಿಂತಿದ್ದಳು. ಕೂಸಿಗೆ ಚಿನ್ನದಂಥದ್ದು ತಿನ್ನಿಸುತ್ತಿದ್ದೇನೆ ಎಂದು ತಿಂಗಳುಗಟ್ಟಲೆ ಅವಳ ಕಿವಿಯ ಮೇಲೆ ಹಾಕಿದವಳು ನಾನು. ಏನು ಹೇಳಲಿ? ಒಳಗೆ ಹೋಗಿ ಸರಿ ಹಿಟ್ಟಿನ ಡಬ್ಬಿ ಇಳಿಸಿ ಭವ್ಯಳ ಕೈಗೆ ಕೊಟ್ಟು, "ನೀನೇ ಕೊಡು" ಎಂದೆ.

ಅವಳು ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ತರನ್ನುಮ್ ಚೀಲಕ್ಕೆ ಒಂದು ಬೊಗಸೆ ಹಾಕಿಕೊಟ್ಟಳು. ನಾನಾಗಿದ್ದರೆ ಊರಿಗೇ ಕೇಳಿಸುವಂತೆ ಆಡಿರುತ್ತಿದ್ದೆ.

ಆಮೇಲೆ ಕೂಸನ್ನು ಎತ್ತಿ ಅವಳ ಮಡಿಲಿಗೆ ಹಾಕಿದೆ. "ಕುಡಿಸು. ಕೆಟ್ಟಿದ್ದು ನನ್ನ ಡಬ್ಬ, ನಿನ್ನ ಹಾಲಲ್ಲ" ಎಂದೆ. ಗೋಡೆಯ ಕಡೆ ತಿರುಗಿ ಕೂತು ಕುಡಿಸಿದಳು.

ಜನವರಿ ೪

ಹೊಸ ಡೈರಿ ಬಂದಿಲ್ಲ. ಹಳೆಯದರ ಜನವರಿ ಹಾಳೆಗಳು ಖಾಲಿ ಇದ್ದವು, ಹಿಂದಕ್ಕೆ ಬಂದೆ. ವಾರ ಹೊಂದುವುದಿಲ್ಲ, ಹೊಡೆದು ಹಾಕಿದ್ದೇನೆ.

ನನ್ನ ತಲೆಗೆ ಒಂದು ಹುಳ ಬಿಟ್ಟುಕೊಂಡಿದ್ದೇನೆ. ವಿಷ ಬಂದದ್ದು ಬೀಜ ಸುಕ್ಕಾಗಿದ್ದಕ್ಕೋ, ನಾನು ನೀರು ಚಿಮುಕಿಸಿದ್ದಕ್ಕೋ? ತರನ್ನುಮ್‌ಗೆ ಫೋನಿನಲ್ಲಿ ಕೇಳಿದೆ. "ಎರಡೂ ಇರ್ಬೋದು, ಗೊತ್ತಿಲ್ಲ" ಎಂದಳು. ಅವಳ ಬಾಯಲ್ಲಿ ಆ ಮಾತು ಈಗ ನನಗೆ ಅಷ್ಟು ಸಿಟ್ಟು ತರಿಸುವುದಿಲ್ಲ.

ಒಂದೇ ಚೀಲದ ಸಣ್ಣ ಕಾಯಿಯನ್ನು ಎರಡು ಪಾಲು ಮಾಡಿದೆ. ಒಂದಕ್ಕೆ ಎಂದಿನಂತೆ ನೀರು, ಗೋಣಿ. ಇನ್ನೊಂದನ್ನು ಒಣಗಿದ್ದಂತೆಯೇ ಸುಲಿದೆ. ಎರಡು ಡಬ್ಬಿಗೆ ಹಾಕಿ ಮಂಚದ ಕೆಳಗಿಟ್ಟೆ. ಯಾವುದು ಯಾವುದೆಂದು ಮರೆಯದಿರಲು ಒದ್ದೆಯದಕ್ಕೆ ಕುಂಕುಮ ಹಚ್ಚಿದೆ. ಭವ್ಯ ನೋಡಿ, "ಪೂಜೆನಾ ಅತ್ತಮ್ಮ?" ಎಂದಳು. "ಹೂಂ ಕಣೇ, ಬೂಷ್ಟಮ್ಮನ ಪೂಜೆ" ಎಂದೆ. ಸದ್ಯ, ನಕ್ಕಳು.

ಜನವರಿ ೧೩

ನಾಳೆ ಸಂಕ್ರಾಂತಿ. ಎಳ್ಳು ಬೆಲ್ಲಕ್ಕೆ ಬೀಜ ಬೇಕು. ನೀರಿಲ್ಲದೆ ಸುಲಿದೆವು, ನಾನೂ ಭವ್ಯಳೂ. ಹೆಬ್ಬೆರಳ ತುದಿ ಒಡೆದು ರಕ್ತ ಬಂತು. ಇಷ್ಟು ವರ್ಷ ಒದ್ದೆ ಗೋಣಿ ಉಳಿಸಿದ್ದು ಈ ಬೆರಳನ್ನು. ನಮ್ಮತ್ತೆಗೆ ಬೂಷ್ಟಿನ ವಿಷ ಗೊತ್ತಿರಲಿಲ್ಲ, ಬೆರಳಿನ ನೋವು ಗೊತ್ತಿತ್ತು. ಅವರನ್ನು ಬಯ್ಯುವಂತಿಲ್ಲ.

ಚಿಕ್ಕಹನುಮಕ್ಕ ಮಾತು ಬಿಟ್ಟಿದ್ದಾಳೆ. ಬೀದಿಯಲ್ಲಿ ಮತ್ತೆ ಬೀಜ ಕೇಳಿಕೊಂಡು ಬಂದ ತರನ್ನುಮ್, ಈ ಸಲ ಚೀಲ ಒಡ್ಡದೆ ನೇರ ಅಡಿಗೆಮನೆಗೇ ಹೋಗಿ ಒರಳು ನೋಡಿದಳಂತೆ. "ನಿನ್ನ ಮನೆ ಡಬ್ಬ ತೋರಿಸ್ಕೊಂಡಿದ್ದಲ್ದೆ ನಮ್ಮ ಮನೆ ಒರಳಿಗೂ ಕೈ ಹಾಕಿಸ್ಬುಟ್ಟೆ" ಎಂದು ಬೇಲಿಯಾಚೆಯಿಂದ ಕೂಗಿದಳು. ನಾಳೆ ಎಳ್ಳು ಬೀರಲು ಭವ್ಯಳನ್ನೇ ಮೊದಲು ಅಲ್ಲಿಗೆ ಕಳಿಸುತ್ತೇನೆ. ಬಾಗಿಲಿಗೆ ಬಂದ ಎಳ್ಳನ್ನು ಹೇಗೆ ಬೇಡ ಎನ್ನುತ್ತಾಳೋ ನೋಡೋಣ.

ಜನವರಿ ೧೪

ಬೇಡ ಎನ್ನಲಿಲ್ಲ. ನಮಗಿಂತ ಜಾಸ್ತಿ ಕೊಬ್ಬರಿ ಹಾಕಿ ತಿರುಗಿ ಕಳಿಸಿದ್ದಾಳೆ, ಸೊಕ್ಕು.

ಜನವರಿ ೨೩

ಕುಂಕುಮದ ಡಬ್ಬಿಯಲ್ಲಿ ಮೂರು ಬೀಜದ ಮೂತಿಯ ಮೇಲೆ ಹಸಿರು ಪುಡಿ. ಪಾರಿವಾಳದ ಹಿಕ್ಕೆ ಒಣಗಿದ ಹಾಗೆ. ಒಣ ಡಬ್ಬಿಯಲ್ಲಿ ಏನೂ ಇಲ್ಲ. ಮೂಸಿ ನೋಡಿದೆ. ಸಂಜೆ ಫೋನಿನಲ್ಲಿ ಹೇಳಿದರೆ ಹುಡುಗಿ ಕಿರುಚಿದಳು, "ಮೂಸ್ಬೇಡಿ ಅಜ್ಜಿ! ಮುಚ್ಚಳ ಹಾಕಿ ಮೂಗಿಗೆ ಬಟ್ಟೆ ಕಟ್ಕಳಿ!"

ಅದೇ ಒದ್ದೆ ಡಬ್ಬಿಯಲ್ಲಿ ಪಕ್ಕದ ಬೀಜ ಶುದ್ಧವಾಗಿದೆ. ಒಂದೇ ನೀರು, ಒಂದೇ ಗೋಣಿ. ಇದಕ್ಕೆ ಹಿಡಿದದ್ದು ಅದಕ್ಕೇಕೆ ಹಿಡಿಯಲಿಲ್ಲ? ಕೇಳಬೇಕು.

ಫೆಬ್ರವರಿ ೧೨

ಲೆಕ್ಕ ಬಂತು. ತಗಡಿನ ಡಬ್ಬದ ಬೀಜದಲ್ಲಿ ವಿಷ ಮಿತಿಗಿಂತ ಬಹಳ ಜಾಸ್ತಿ. ಸರಿ ಹಿಟ್ಟಿನಲ್ಲೂ. ಬೀದಿಯ ಒರಳುಗಳಲ್ಲೂ ಇದ್ದದ್ದು ಅದೇ. ಹುಡುಗಿ ಆಮೇಲೆ ಬಂದು ಒಯ್ದಿದ್ದ ಮಂಚದ ಕೆಳಗಿನ ಎರಡು ಡಬ್ಬಿಯಲ್ಲಿ ಕುಂಕುಮದ್ದರಲ್ಲಿ ಜಾಸ್ತಿ, ಒಣಗಿದ್ದರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು. ಪ್ರೊಫೆಸರು ಈಗ ಊರು ಬಿಡು ಎನ್ನುತ್ತಿಲ್ಲವಂತೆ. ನೀರು ಹಾಕದೆ ಸುಲಿಯಲು ಕೈಯಲ್ಲಿ ತಿರುಗಿಸುವ ಒಂದು ಯಂತ್ರ ತಂದು ಊರಿಗೆ ಇಡುವ ಮಾತು ನಡೆದಿದೆ. ಬಂದಾಗ ನಂಬೋಣ.

ಡಬ್ಬದ ಬೀಜವನ್ನು ಏನು ಮಾಡಬೇಕು ಎಂದು ಕೇಳಿದೆ. ಎಣ್ಣೆ ತೆಗೆಸುವಂತಿಲ್ಲ. ಹಸುವಿಗೆ ಹಾಕುವಂತಿಲ್ಲ, ಹಾಲಿಗೆ ಬರುತ್ತದೆ. ಮಣ್ಣು ಮಾಡಬೇಕು. ನಾನು ನೆಲಕ್ಕೆ ಬಿದ್ದ ಒಂದು ಬೀಜವನ್ನೂ ಬಿಟ್ಟವಳಲ್ಲ. ಮಲ್ಲೇಶ ಹಿತ್ತಲಲ್ಲಿ ಗುಂಡಿ ತೋಡಿದ. ಸುರಿದೆ. ಅವತ್ತಿನಿಂದ ಮುಟ್ಟದೆ ಇಟ್ಟಿದ್ದ ಸರಿ ಹಿಟ್ಟನ್ನೂ ಸುರಿದೆ. ಡಬ್ಬದ ತಳ ಬಡಿದು ಬಡಿದು ಸುರಿದದ್ದು ಸಾಕು ಎಂದು ಭವ್ಯಳೇ ಕೈ ಹಿಡಿದು ನಿಲ್ಲಿಸಿದಳು.

ಫೆಬ್ರವರಿ ೨೭

ಕೂಸಿನ ತೂಕ ಏರಿದೆ. ಚುಕ್ಕಿ ಹಳದಿಯಲ್ಲೇ ಇದೆ, ಆದರೆ ಮೇಲಕ್ಕೆ ಮುಖ ಮಾಡಿದೆ. ನಾನು, "ನೋಡ್ದಾ, ವಿಷ ನಿಂತೇಟಿಗೆ ಬೆಳೀತು" ಎಂದೆ. ತರನ್ನುಮ್, "ಹಂಗೆ ಹೇಳೋಕಾಗಲ್ಲ ಅಜ್ಜಿ, ಒಂದು ಮಗು ನೋಡಿ ಏನೂ ಹೇಳ್ಬಾರ್ದು. ಮೊಟ್ಟೆ ಶುರು ಮಾಡಿದ್ರಂತೆ, ಅದೂ ಇರ್ಬೋದು" ಎಂದಳು. ಲಿಂಗವಂತರ ಮನೆಯಲ್ಲಿ ಮೊಟ್ಟೆ ಎಲ್ಲಿಂದ ಬಂತು ಎಂದು ಭವ್ಯಳನ್ನು ನೋಡಿದೆ. ಅವಳು ಸೂರಿನ ಗುಬ್ಬಿ ನೋಡಿದಳು. ಅಂಗನವಾಡಿಯಲ್ಲಿ ತಿನ್ನಿಸಿಕೊಂಡು ಬರುತ್ತಿದ್ದಾಳೆ. ನಾನು ಕಂಡೂ ಕಾಣದಂತಿದ್ದೆ.

ಹೊರಡುವ ಮುಂಚೆ ಹುಡುಗಿ ಚೀಲ ತೆಗೆದಳು. ಮತ್ತೊಂದು ಸಲ ಬೀಜ ಬೇಕಂತೆ. ಎಳೆದುಕೊಂಡು ಹೋದಂತೆ ನನ್ನ ಕೈ ದೇವರ ಮೂಲೆಗೆ ಹೋಯಿತು. ಬಾಗಿಲ ಹಿಂದೆ ತಗಡಿನ ಡಬ್ಬ ಇದ್ದ ಜಾಗ ಬರಿದಾಗಿದೆ, ಅಲ್ಲಿ ಈಗ ಪೊರಕೆ ನಿಲ್ಲಿಸುತ್ತೇವೆ.

"ತಡೀರಿ ಅಜ್ಜಿ" ಎಂದಳು ಹುಡುಗಿ, "ಇದು ಮನೇದಾ, ನೆಂಟರದಾ?"

ನಾನು ಬಾಯಿ ತೆರೆಯುವುದರೊಳಗೆ ಭವ್ಯ ಹೇಳಿದಳು, "ನಮ್ಮನೇಲಿ ಈಗ ಒಂದೇ ಮಡಕೆ ಮೇಡಂ."

ಒಂದು ಪಾವು ಹಾಕಿದೆ, ಮೇಲೊಂದು ಬೊಗಸೆ. ಅಚ್ಚು ಬೆಲ್ಲ ಬೇರೆಯಾಗಿ ಕೊಟ್ಟೆ, ಟೆಸ್ಟಿನವರಿಗೆ ಗೊಂದಲವಾಗಬಾರದು.

ಅವಳು ಹೋದ ಮೇಲೆ ಭವ್ಯ ನನ್ನ ಹೆಬ್ಬೆರಳಿಗೆ ಹರಳೆಣ್ಣೆ ಹಚ್ಚುತ್ತಾ ಕೇಳಿದಳು, "ಅತ್ತಮ್ಮ, ಕಾಯಿಗೆ ನೀರು ಹಾಕೋ ಬದ್ಲು ಬಿಸಿಲಲ್ಲಿ ಚೆನ್ನಾಗಿ ಕಾಯಿಸಿ, ಬಿಸಿ ಇದ್ದಂಗೇ ಸುಲಿದ್ರೆ ಸಿಪ್ಪೆ ಬೇಗ ಬಿಡುತ್ತಾ?"

"ಗೊತ್ತಿಲ್ಲ" ಎಂದೆ.

ನಾಳೆ ಬಿಸಿಲೇರಿದ ಮೇಲೆ ನೋಡಬೇಕು. ಎರಡು ಪಾಲು ಮಾಡಿ ಇಟ್ಟಿದ್ದೇವೆ.